ಹೋಲ್‌ಸ್ಟರಿಗೊಂದು ಕಾಲಂ ಇರಲಿಲ್ಲ

2001ರ ಅಕ್ಟೋಬರ್ 25, ಗುರುವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ನನ್ನ ದಿನಚರಿಯ ಆ ಪುಟ ಹೀಗೆ ಶುರುವಾಗುತ್ತದೆ. ಪಕ್ಕದಲ್ಲಿ 'ಆಯುಧ ಪೂಜೆ. ಚೆಂಡುಹೂವು ಸಿಕ್ಕಿತು' ಎಂದಿದೆ. ದುಬೈಯಲ್ಲಿ ಚೆಂಡುಹೂವು ಸಿಕ್ಕಿದ್ದೇ ಆವತ್ತಿನ ದೊಡ್ಡ ಸುದ್ದಿ ಅಂದುಕೊಂಡು ಬರೆದದ್ದು.

ನನಗಾಗ ಇಪ್ಪತ್ತನಾಲ್ಕು. ಮೈಸೂರಿನಿಂದ ಬಂದು ಎಂಟು ತಿಂಗಳಾಗಿತ್ತು. ಅಲ್ ಕುಸೈಸಿನ ಗೋದಾಮುಗಳ ಸಾಲಿನಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ ಸ್ಟೋರ್ ಗುಮಾಸ್ತನಾಗಿದ್ದೆ. ವಿಮಾನದಲ್ಲಿ ಬರುವ ಚಿನ್ನದ ಪಾರ್ಸೆಲ್ಲುಗಳನ್ನು ದುಬೈ, ಅಬುಧಾಬಿಯ ಅಂಗಡಿಗಳಿಗೆ ಮುಟ್ಟಿಸುವುದು ಕಂಪನಿಯ ಕೆಲಸ. ಈ ದೇಶದಲ್ಲಿ ಕಾವಲುಗಾರನ ಹತ್ತಿರ ವಾಕಿಟಾಕಿ ಬಿಟ್ಟರೆ ಬೇರೇನೂ ಇರುವುದಿಲ್ಲ. ನಮ್ಮಲ್ಲಿ ನಾಲ್ವರಿಗೆ ಮಾತ್ರ ವಿಶೇಷ ಪರವಾನಗಿಯ ಮೇಲೆ ಪಿಸ್ತೂಲು ಕೊಟ್ಟಿದ್ದರು. ಅವುಗಳನ್ನು ಬೆಳಿಗ್ಗೆ ಬೀರುವಿನಿಂದ ತೆಗೆದು ಕೊಡುವುದು, ಸಂಜೆ ವಾಪಸ್ ತೆಗೆದುಕೊಂಡು ಇಡುವುದು, ಎರಡನ್ನೂ ಬರೆಯುವುದು ನನ್ನ ಕೆಲಸ.

ನಾಲ್ಕೂ ಅಗ್ಗದ ಪಿಸ್ತೂಲುಗಳು. ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನೇ ಮ್ಯಾನೇಜರ್ ತರಿಸಿದ್ದರಂತೆ. ಒಂದು ಗುಂಡು ಹಾರಿದರೆ ಮುಂದಿನದು ತಾನೇ ಏರಿ ಕೂರುವ ಜಾತಿ. ಹೆಬ್ಬೆರಳಿನಿಂದ ಒತ್ತಿ ಭದ್ರ ಮಾಡುವ ಸೇಫ್ಟಿ ಗುಂಡಿ ಇರಲಿಲ್ಲ. ಅದರ ಬದಲು ಟ್ರಿಗರನ್ನೇ ಗಡುಸಾಗಿ ಮಾಡಿದ್ದರು. ಉದ್ದಕ್ಕೆ, ಬಲವಾಗಿ ಎಳೆದರೆ ಮಾತ್ರ ಗುಂಡು ಹೊರಡುತ್ತಿತ್ತು. ಎಷ್ಟು ಬಲ ಬೇಕು ಎಂದು ಒಂದು ದಿನ ತೂಗಿ ನೋಡಿದೆ. ಊರಿಗೆ ಹೊರಡುವವರು ಸೂಟ್‌ಕೇಸ್ ನೇತುಹಾಕಿ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ರೂಮಿನಿಂದ ತಂದು, ಅದರ ಕೊಕ್ಕೆಯನ್ನು ಖಾಲಿ ಪಿಸ್ತೂಲಿನ ಟ್ರಿಗರಿಗೆ ಸಿಕ್ಕಿಸಿ ಹತ್ತು ಸಲ ಎಳೆದೆ. ಸರಾಸರಿ ಐದೂವರೆ ಕಿಲೋ.

"ನೋಡಿ ಹವಲ್ದಾರ್ರೇ, ಐದೂವರೆ ಕಿಲೋ! ಇದು ತಾನಾಗಿ ಹಾರೋ ಮಾತೇ ಇಲ್ಲ," ಅಂದೆ.

ಹವಲ್ದಾರ್ರು ಅಂದರೆ ಅಬುಧಾಬಿ ವ್ಯಾನಿನ ಕಾವಲುಗಾರ. ಹಾಸನದ ಕಡೆಯವರು, ನಲವತ್ತರ ಮೇಲಿನ ವಯಸ್ಸು, ಸೈನ್ಯದಲ್ಲಿ ಹದಿನೇಳು ವರ್ಷ ಇದ್ದು ಬಂದವರು. ಎಲ್ಲವನ್ನೂ ಬರೆದಿಡುತ್ತೇನೆಂದು ನನ್ನನ್ನು ಚಿತ್ರಗುಪ್ತ ಎಂದೇ ಕರೆಯುತ್ತಿದ್ದರು.

"ಐದೂವರೆ ಕಿಲೋ ಅನ್ನೋದು ಬೆರಳಿಗೆ ಭಾರ ಕಣಪ್ಪಾ ಚಿತ್ರಗುಪ್ತ. ಮೈ ಭಾರ ಬಿತ್ತು ಅಂದ್ರೆ ಅದ್ಯಾವ ಲೆಕ್ಕ? ಟ್ರಿಗರ್ ಗಟ್ಟಿ ಐತೆ ಅಂತ ನಂಬ್ಕೊಂಡೋನು ಒಂದಿನ ಮಂಡಿ ಕಳ್ಕೋತಾನೆ," ಅಂದರು.

ಅವರು ಪಿಸ್ತೂಲು ಹೊರುವ ರೀತಿಯನ್ನು ನೋಡಿಯೇ ನಾನು ರಿಜಿಸ್ಟರಿನಲ್ಲಿ ಹಂತಕ್ಕೊಂದರಂತೆ ಏಳು ಕಾಲಂ ಎಳೆದದ್ದು. ಸ್ಟೋರಿನ ಮೂಲೆಯಲ್ಲಿ ಮರಳು ತುಂಬಿದ ಡ್ರಮ್ಮಿತ್ತು. ಗುಂಡು ತುಂಬುವುದಿರಲಿ, ಇಳಿಸುವುದಿರಲಿ, ಪಿಸ್ತೂಲಿನ ಬಾಯಿ ಅದರ ಕಡೆಗೇ. ಇಳಿಸುವಾಗ ಮೊದಲು ಗುಂಡುಗಳಿರುವ ಮ್ಯಾಗಜಿನ್ ಹೊರಗೆ, ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯುವುದು. "ಉಲ್ಟಾ ಮಾಡಿದ್ರೆ ಹೊಟ್ಟೆ ಖಾಲಿ, ಬಾಯಲ್ಲಿ ತುತ್ತು," ಅನ್ನುತ್ತಿದ್ದರು; ಅಂದರೆ ಮ್ಯಾಗಜಿನ್ ಹೊರಬಂದರೂ ನಳಿಕೆಯಲ್ಲಿ ಒಂದು ಗುಂಡು ಉಳಿದಿರುತ್ತದೆ. ಕಣ್ಣಿನಿಂದ ನೋಡಿ, ಆಮೇಲೆ ಕಿರುಬೆರಳು ತೂರಿಸಿ ಖಾಲಿಯೆಂದು ಖಾತರಿ ಮಾಡಿಕೊಂಡು ನನಗೆ ತೋರಿಸುತ್ತಿದ್ದರು. ನಾನು ಗುರುತು ಹಾಕುತ್ತಿದ್ದೆ. ತೋರುಬೆರಳು ಯಾವಾಗಲೂ ಟ್ರಿಗರಿನ ಹೊರಗೆ, ಪಿಸ್ತೂಲಿನ ಪಕ್ಕಕ್ಕೆ ನೆಟ್ಟಗೆ. ಜೇಬಿನಲ್ಲಿ, ಪ್ಯಾಂಟಿನ ಸಂದಿಯಲ್ಲಿ ಸಿಕ್ಕಿಸಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬೆಲ್ಟಿಗೆ ಗಟ್ಟಿ ಚರ್ಮದ ಒರೆ, ಅಂದರೆ ಹೋಲ್‌ಸ್ಟರ್ ಇರಬೇಕು, ಅದು ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಅದರೊಳಗೆ ಪಿಸ್ತೂಲು ಬಿಟ್ಟು ಇನ್ನೇನೂ ಇರಕೂಡದು. ಬೆಳಿಗ್ಗೆ ಬಂದ ಕೂಡಲೇ ಹೆಬ್ಬೆರಳನ್ನು ಹೋಲ್‌ಸ್ಟರಿನೊಳಗೆ ಒಂದು ಸುತ್ತು ಆಡಿಸಿ ನೋಡುತ್ತಿದ್ದರು. ಅದು ಅವರ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲವಾದ್ದರಿಂದ ನಾನು ಅದಕ್ಕೆ ಕಾಲಂ ಮಾಡಿರಲಿಲ್ಲ.

ಅಕ್ಟೋಬರ್ 24ರ ಸಂಜೆಯವರೆಗೆ ಅವರು ಪಿಸ್ತೂಲು ಇಳಿಸಿದ್ದು ನನ್ನ ಲೆಕ್ಕದಲ್ಲಿ 203 ಸಲ. ತಪ್ಪು: ಸೊನ್ನೆ.

ಈ ಸೊನ್ನೆ ಅವರಿಗೆ ಬಹಳ ಮುಖ್ಯವಾಗಿತ್ತು. ಫೆಬ್ರವರಿಗೆ ಅವರ ಕರಾರು ಮುಗಿಯುತ್ತಿತ್ತು. ಊರಿನಲ್ಲಿ ಒಂದು ಬ್ಯಾಂಕಿನ ಶಾಖೆಗೆ ಗನ್‌ಮ್ಯಾನ್ ಬೇಕಾಗಿದ್ದರು. ಗಲ್ಫಿನ ಕಂಪನಿಯಿಂದ, ಆಯುಧದ ವಿಷಯದಲ್ಲಿ ಒಂದೂ ದೂರಿಲ್ಲ ಎಂಬ ಪತ್ರ ತಂದರೆ ಕೆಲಸ ನಿಮ್ಮದೇ ಎಂದು ಅಲ್ಲಿಯವರು ಹೇಳಿದ್ದರಂತೆ. ಆ ಪತ್ರದ ಕರಡನ್ನು ಸೆಪ್ಟೆಂಬರಿನಲ್ಲೇ ನನ್ನಿಂದ ಟೈಪ್ ಮಾಡಿಸಿ, ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಮ್ಯಾನೇಜರ್ ಸಹಿಯೊಂದು ಬಾಕಿ. "ಮಕ್ಳ ಜೊತೆ ಊಟ ಮಾಡ್ಕೊಂಡು ಬ್ಯಾಂಕ್ ಬಾಗ್ಲಲ್ಲಿ ನಿಂತ್ಕೋತೀನಿ. ಇನ್ನೇನು ಬೇಕು?" ಅನ್ನುತ್ತಿದ್ದರು.

ಪೂಜೆಯ ಯೋಚನೆ ವ್ಯಾನಿನ ಡ್ರೈವರದ್ದು. ಉಡುಪಿ ಕಡೆಯವನು. ಮ್ಯಾನೇಜರ್ ಬರುವುದು ಎಂಟಕ್ಕೆ, ಅಷ್ಟರೊಳಗೆ ಮುಗಿಸಿಬಿಡೋಣ ಅಂದ. "ಬೂದುಗುಂಬಳ ಒಡೆದರೆ ದಂಡ ಹಾಕಿಯಾರು ಮಾರಾಯ್ರೆ. ಚಕ್ರದ ಅಡಿಗೆ ನಾಲ್ಕು ನಿಂಬೆಹಣ್ಣು ಸಾಕು."

ಪಿಸ್ತೂಲನ್ನೂ ಇಡೋಣ ಎಂದದ್ದು ನಾನು. ಮೈಸೂರಿನಲ್ಲಿ ನಮ್ಮಪ್ಪ ಸಣ್ಣ ಮುದ್ರಣಾಲಯ ನಡೆಸುತ್ತಿದ್ದರು. ಮಹಾನವಮಿಯ ದಿನ ಅಚ್ಚುಮೊಳೆಯ ಪೆಟ್ಟಿಗೆ, ಕಾಗದ ಕತ್ತರಿಸುವ ಕತ್ತಿ ಎಲ್ಲಕ್ಕೂ ಕುಂಕುಮ ಬೀಳುತ್ತಿತ್ತು. ಆಯುಧ ಪೂಜೆಯ ದಿನ ನಿಜವಾದ ಆಯುಧವನ್ನೇ ಬೀರುವಿನಲ್ಲಿ ಬಿಡುವುದೇ?

ಹವಲ್ದಾರ್ರು ಸ್ವಲ್ಪ ಹಿಂದೆಮುಂದೆ ನೋಡಿದರು. "ಮಿಲಿಟ್ರಿನಾಗೂ ಮಾಡ್ತಿದ್ವಿ, ಬೇಡ ಅನ್ನಕ್ಕಾಗಲ್ಲ. ಆದ್ರೆ ಕುಂಕುಮ ಹಿಡಿಗೆ ಮಾತ್ರ ಹಚ್ಚು. ಬಾಯಿಗೆ, ಟ್ರಿಗರಿಗೆ ಸೋಕಿಸ್ಬೇಡ." ಬೀರುವಿನಿಂದ ತೆಗೆದದ್ದನ್ನು ಮತ್ತೊಮ್ಮೆ ಖಾಲಿಯೆಂದು ನೋಡಿ, ತೋರಿಸಿ, ತಟ್ಟೆಯಲ್ಲಿಟ್ಟರು. ನಾನು ಗುರುತು ಹಾಕಿದೆ.

"ಹೋಲ್‌ಸ್ಟರೂ ಇಡಿ. ಅದೂ ಆಯುಧದ ಮನೆಯೇ ಅಲ್ವಾ?" ಅಂದೆ.

"ಚರ್ಮದ್ದು ಕಣಪ್ಪಾ. ದೇವರ ಮುಂದೆ ಇಡಬಹುದಾ?"

"ದೇವರ ಮುಂದೆ ಬಡಿಯುವ ಚೆಂಡೆ ಎಂಥದರಲ್ಲಿ ಮಾಡಿದ್ದು ಮತ್ತೆ? ಪ್ಲಾಸ್ಟಿಕ್ಕಿನದ್ದಾ?" ಎಂದು ಡ್ರೈವರ್ ನಕ್ಕ. ಹವಲ್ದಾರ್ರೂ ನಕ್ಕು, ಬೆಲ್ಟ್ ಬಿಚ್ಚಿ ಹೋಲ್‌ಸ್ಟರನ್ನು ನನ್ನ ಕೈಗೆ ಕೊಟ್ಟರು. ಅವರು ಬೆಳಿಗ್ಗೆ ಬಂದ ಕೂಡಲೇ ಎಂದಿನಂತೆ ಅದರೊಳಗೆ ಹೆಬ್ಬೆರಳು ಆಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ನಾನು ಅದನ್ನು ಗೋಡೆಗೆ ಒರಗಿಸಿ, ಬಾಯಿ ಮೇಲೆ ಮಾಡಿ ನಿಲ್ಲಿಸಿದೆ. ಖಾಲಿ ಬಾಯಿ. ನಮ್ಮ ಮನೆಯಲ್ಲಿ ಬರಿದಾದ ಪಾತ್ರೆಯನ್ನು ದೇವರ ಮುಂದೆ ಇಡುವುದಿಲ್ಲ. ಪಕ್ಕದ ಮನೆಯ ಬಟ್ಟಲನ್ನು ವಾಪಸ್ ಕೊಡುವಾಗಲೂ ಅಮ್ಮ ಒಂದು ಚಮಚ ಸಕ್ಕರೆ ಹಾಕಿಯೇ ಕೊಡುವುದು. ಯೋಚನೆ ಮಾಡಿ ಮಾಡಿದ್ದಲ್ಲ. ತಟ್ಟೆಯಲ್ಲಿದ್ದ ಒಂದು ಅರಿಶಿನದ ಕೊಂಬನ್ನು ನನ್ನ ಕೈ ತಾನೇ ಎತ್ತಿ ಹೋಲ್‌ಸ್ಟರಿನೊಳಗೆ ಬಿಟ್ಟಿತು.

ಡ್ರೈವರ್ ಮಂಗಳಾರತಿ ಎತ್ತಿದ. ಆರು ಗಂಟೆ ಹನ್ನೆರಡು ನಿಮಿಷಕ್ಕೆ ಮ್ಯಾನೇಜರರ ಫೋನು. ಅಬುಧಾಬಿಯ ಪಾರ್ಸೆಲ್ ಎಂಟೂವರೆಗೇ ಮುಟ್ಟಬೇಕು, ಈಗಲೇ ಹೊರಡಿ, 'ಯಲ್ಲಾ' ಅಂದರು, ಅರಬ್ಬಿಯಲ್ಲಿ ಬೇಗ ಅಂತ. ಡ್ರೈವರ್ ವ್ಯಾನಿನ ಕಡೆಗೆ ಓಡಿದ. ಹವಲ್ದಾರ್ರು ಹಿಡಿಯ ಕುಂಕುಮ ಒರೆಸಿ, ಡ್ರಮ್ಮಿನ ಮುಂದೆ ನಿಂತು ಗುಂಡು ತುಂಬಿದರು. ನಾನು ಆರನೆಯ, ಏಳನೆಯ ಕಾಲಂನಲ್ಲಿ ಗುರುತು ಹಾಕಿದೆ. ಅವರು ಬೆಲ್ಟ್ ಕಟ್ಟಿಕೊಂಡು ಪಿಸ್ತೂಲನ್ನು ಹೋಲ್‌ಸ್ಟರಿಗೆ ಇಳಿಸಿದರು. ಅದು ಕೊನೆಯ ಒಂದಂಗುಲ ಇಳಿಯಲಿಲ್ಲ.

"ಏಸಿಗೆ ಚರ್ಮ ಬಿಗ್ಕೊಂಡೈತೆ," ಎಂದು ಅಂಗೈಯಿಂದ ಒತ್ತಿದರು. ಬೆರಳು ಪಕ್ಕಕ್ಕೆ ನೆಟ್ಟಗೇ ಇತ್ತು. ನಾನು ಆ ಬೆರಳನ್ನೇ ನೋಡುತ್ತಿದ್ದೆ, ಅದನ್ನು ನೋಡುವುದು ಅಭ್ಯಾಸವಾಗಿತ್ತು. ಆರು ಹದಿನೇಳಕ್ಕೆ ಗುಂಡು ಹಾರಿತು.

ಸ್ಟೋರ್ ಚಿಕ್ಕದು. ಕಿವಿಯಲ್ಲಿ ಬರೀ ಗುಂಯ್ ಎನ್ನುವ ಸದ್ದು. ಅವರು ಡ್ರಮ್ಮನ್ನು ಹಿಡಿದುಕೊಂಡು ಕುಸಿದು ಕೂತರು. ಬಲಗಾಲಿನ ಮೀನಖಂಡದಿಂದ ರಕ್ತ ಬೂಟಿಗೆ ಇಳಿಯುತ್ತಿತ್ತು. ಅಂಥದರಲ್ಲೂ ಪಿಸ್ತೂಲು ತೆಗೆದು, ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್, ಕಿರುಬೆರಳು. ಎಲ್ಲ ಮುಗಿಸಿ ನನಗೆ ತೋರಿಸಿದರು. ಆಮೇಲೆ ಹೋಲ್‌ಸ್ಟರ್ ಕಳಚಿ ತಲೆಕೆಳಗು ಮಾಡಿ ಕೊಡವಿದರು. ಅರಿಶಿನದ ಕೊಂಬು ನೆಲಕ್ಕೆ ಬಿತ್ತು. ಟ್ರಿಗರ್ ಒತ್ತಿದ ಕಡೆ ಜಜ್ಜಿಹೋಗಿತ್ತು.

ಸದ್ದು ಕೇಳಿ ಓಡಿ ಬಂದ ಡ್ರೈವರ್, "ಅಯ್ಯೋ ದೇವರೇ, ಇದು ಅದರೊಳಗೆ ಹೇಗೆ ಹೋಯ್ತು?" ಅಂದ.

ಹವಲ್ದಾರ್ರು ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗಿತ್ತು. ಸೊಂಟದ ಟವೆಲ್ ಎಳೆದು ಕಾಲಿಗೆ ಬಿಗಿಯುತ್ತ ಅವರೇ ಮಾತಾಡಿದರು.

"ಇಬ್ರೂ ಕೇಳ್ಕಳಿ. ಪೊಲೀಸ್ರು ಬರ್ತಾರೆ. ಬಂದೂಕಿಟ್ಟು ಪೂಜೆ ಮಾಡಿದ್ರು ಅಂತ ಗೊತ್ತಾದ್ರೆ ಮೂರೂ ಜನದ ವೀಸಾ ಖಲಾಸ್. ಬೆರಳು ಜಾರ್ತು ಅಂದ್ರೆ ನಂದೊಂದೇ. ಹೂವು, ಕುಂಕುಮ ಎಲ್ಲಾ ತೆಗೀರಿ."

"ನಿಮ್ಮ ಪತ್ರ..." ಅಂದೆ.

"ಪತ್ರ ಆಮೇಲೆ ನೋಡ್ಕಳಣ. ಮೊದ್ಲು ಹೂವು ತೆಗಿಯೋ ಮಾರಾಯ, ರಕ್ತ ಹೋಗ್ತೈತೆ."

ನಾನು ಹೂವು ತೆಗೆದೆ. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ. ಆ ಕ್ರಮದಲ್ಲೇ ಮಾಡಿದೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ.

ಕಂಪನಿಯ ವಿಚಾರಣೆ 29ರ ಸೋಮವಾರ. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ಅವನ ಬೆರಳು ಟ್ರಿಗರ್ ಮೇಲಿತ್ತಾ? ನಾನು, "ರಿಜಿಸ್ಟರ್ ಬರೀತಿದ್ದೆ ಸಾರ್, ನೋಡಲಿಲ್ಲ," ಅಂದೆ. ಅವರು ತಲೆಯಾಡಿಸಿದರು. ಕಾವಲುಗಾರನೇ ಒಪ್ಪಿಕೊಂಡ ಮೇಲೆ ಗುಮಾಸ್ತನನ್ನು ಕೆದಕುವ ಅಗತ್ಯ ಅವರಿಗೂ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಹವಲ್ದಾರ್ರು ಹನ್ನೊಂದು ದಿನ ಇದ್ದರು. ನಾನು ನಾಲ್ಕು ಸಲ ಹೋದೆ. ಮೂಳೆ ಉಳಿದಿತ್ತು, ಮಾಂಸಖಂಡ ಹರಿದಿತ್ತು. ಮೊದಲ ಸಲ ಹೋದಾಗ, "ಏನಪ್ಪಾ ಚಿತ್ರಗುಪ್ತ, ನನ್ನ ಸೊನ್ನೆ ಹೋಯ್ತಾ?" ಅಂದರು. ತಪ್ಪಿನ ಕಾಲಂನಲ್ಲಿ ಒಂದು ಎಂದು ಬರೆದಿದ್ದೆ. ಹೌದು ಅಂದೆ. ಮೂರನೆಯ ಸಲ ಹೋದಾಗ, ಮ್ಯಾನೇಜರಿಗೆ ನಿಜ ಹೇಳಿಬಿಡುತ್ತೇನೆ ಅಂದೆ.

"ಬೇಡ. ಪೊಲೀಸ್ರ ಮುಂದೆ ಹೇಳಿಕೆಗೆ ಸೈನ್ ಹಾಕಿವ್ನಿ. ಈಗ ನೀನು ಬಾಯ್ಬಿಟ್ರೆ ಅದು ಸುಳ್ಳು ಹೇಳಿಕೆ ಆಗ್ತದೆ. ಕಾಲಿಗಿಂತ ದೊಡ್ಡ ಗಾಯ ಅದು." ಆಮೇಲೆ, "ಆವತ್ತೇ ಹೇಳಬೇಕಿತ್ತು ಅಂದ್ರೆ, ನಾನೇ ಅಲ್ವಾ ಬೇಡ ಅಂದದ್ದು," ಅಂದರು. ನನ್ನನ್ನು ಸಮಾಧಾನ ಮಾಡಲು ಆಡಿದ ಮಾತು. ಅದರಿಂದ ಸಮಾಧಾನ ಆಗಲಿಲ್ಲ.

ನವೆಂಬರ್ 19ಕ್ಕೆ ಅವರ ವೀಸಾ ರದ್ದಾಯಿತು. ಹಿಂದಿನ ದಿನ ಮ್ಯಾನೇಜರ್ ಹೇಳುತ್ತಾ ಹೋದ ಸೇವಾ ಪತ್ರವನ್ನು ಟೈಪ್ ಮಾಡಿದವನು ನಾನೇ. ಸೆಪ್ಟೆಂಬರಿನ ಕರಡು ಅದೇ ಕಂಪ್ಯೂಟರಿನಲ್ಲಿತ್ತು. ಅದನ್ನೇ ತೆರೆದು, ಎರಡನೆಯ ಪ್ಯಾರಾ ಅಳಿಸಿ, 'ಆಯುಧವನ್ನು ಅಜಾಗರೂಕತೆಯಿಂದ ಬಳಸಿದ ಕಾರಣಕ್ಕೆ ಸೇವೆಯಿಂದ ಬಿಡುಗಡೆ' ಎಂದು ಸೇರಿಸಿದೆ. ಹವಲ್ದಾರ್ರು ಕಚೇರಿಯಲ್ಲಿ ನಿಂತೇ ಓದಿದರು. "ಅಕ್ಷರ ಎಲ್ಲಾ ಸರಿಯಾಗಿದ್ದಾವೇನಪ್ಪಾ?" ಎಂದು ಕೇಳಿ, ಮಡಿಸಿ, ಪರ್ಸಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೋದರು.

ಮರುದಿನ ರಿಜಿಸ್ಟರಿನಲ್ಲಿ ಎಂಟನೆಯ ಕಾಲಂ ಎಳೆದೆ: 'ಹೋಲ್‌ಸ್ಟರ್ ಕಟ್ಟಿದ ಮೇಲೆ ಒಳಗೆ ಬೆರಳಾಡಿಸಿ ನೋಡಿದ್ದು.' ಉಳಿದ ಮೂವರು ಇದ್ಯಾಕೆ ಎಂದು ಕೇಳಿದರು. ಹೊಸ ನಿಯಮ ಅಂದೆ. ಎರಡು ವರ್ಷದ ನಂತರ ಕಂಪನಿ ಪಿಸ್ತೂಲುಗಳನ್ನು ಕೈಬಿಟ್ಟಿತು. ನಾನು ಜೆಬೆಲ್ ಅಲಿಯ ಒಂದು ಗೋದಾಮಿಗೆ ಸೇರಿದೆ. ಇಲ್ಲಿ ಎಣಿಸುವುದು ಟೈರುಗಳನ್ನು.

ಅವರಿಗೆ ನಾಲ್ಕು ಪತ್ರ ಬರೆದೆ. ಮೂರಕ್ಕೆ ಉತ್ತರವಿಲ್ಲ. ನಾಲ್ಕನೆಯದು, ವಿಳಾಸದಲ್ಲಿ ಈ ವ್ಯಕ್ತಿ ಇಲ್ಲ ಎಂಬ ಷರಾದೊಂದಿಗೆ ಹಿಂದಿರುಗಿತು. ರಜೆಗೆ ಹೋದಾಗ ಆ ಬ್ಯಾಂಕಿನ ಬಾಗಿಲವರೆಗೂ ಹೋಗಿ ಬಂದೆ. ಅಲ್ಲಿ ನಿಂತಿದ್ದ ಗನ್‌ಮ್ಯಾನ್ ಬೇರೆಯವರು. ಒಬ್ಬರು ಅವರನ್ನು ಕಲ್ಯಾಣ ಮಂಟಪವೊಂದರ ಗೇಟಿನಲ್ಲಿ ಕೋಲು ಹಿಡಿದು ನಿಂತದ್ದು ನೋಡಿದೆ ಅಂದರು. ಇನ್ನೊಬ್ಬರು, ಇಲ್ಲ, ಸಂಸಾರ ಕರೆದುಕೊಂಡು ಬೇರೆ ಊರಿಗೆ ಹೋದರು ಅಂದರು. ಯಾವುದು ನಿಜವೋ ತಿಳಿಯಲಿಲ್ಲ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರ ಬೆರಳು ಟ್ರಿಗರಿನ ಮೇಲೆ ಇರಲಿಲ್ಲ. ನಾನು ನೋಡಿದ್ದೆ. ಹೋಲ್‌ಸ್ಟರಿನೊಳಗೆ ಕೊಂಬು ಹಾಕಿದವನು ನಾನು. ಈಗ ಇದನ್ನು ಸಹಿ ಹಾಕಿ, ಬೇಕಾದರೆ ಛಾಪಾ ಕಾಗದದ ಮೇಲೆಯೇ, ಯಾರ ಮುಂದಾದರೂ ಕೊಡಲು ಸಿದ್ಧನಿದ್ದೇನೆ. ಅವರು ಹಾಸನದ ಕಡೆಯವರು, ಸೈನ್ಯದಲ್ಲಿ ಹದಿನೇಳು ವರ್ಷ, ದುಬೈಯಲ್ಲಿ ನಾಲ್ಕು ವರ್ಷ ಇದ್ದವರು. ಈಗ ಐವತ್ತರ ಹತ್ತಿರ ಇರಬಹುದು. ನಡೆಯುವಾಗ ಬಲಗಾಲನ್ನು ಸ್ವಲ್ಪ ಎಳೆಯುತ್ತಿರಬಹುದು. ಅವರು ಎಲ್ಲಿದ್ದಾರೆ, ಯಾವ ಕೆಲಸದಲ್ಲಿದ್ದಾರೆ, ಆ ಪತ್ರವನ್ನು ಈಗಲೂ ಯಾರಿಗಾದರೂ ತೋರಿಸಬೇಕಾಗಿ ಬರುತ್ತದೆಯೇ ಎಂಬುದು ಗೊತ್ತಿರುವವರು ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ನಾಲ್ಕು ಸಾಲು ಬರೆಯಿರಿ.