ಸೂರ್ಯನ ಅಂಗಡಿಯಲ್ಲಿ ಉದ್ರಿ ಇಲ್ಲ

ನನಗೆ ಸೂರ್ಯನ ಮೇಲೆ ಸಿಟ್ಟಿದೆ. ನಗಬೇಡಿ. ಸೊಲ್ಲಾಪುರದಲ್ಲಿ ಹುಟ್ಟಿದವನಿಗೆ ಈ ಸಿಟ್ಟಿನ ಹಕ್ಕು ಹುಟ್ಟಿನಿಂದಲೇ ಬಂದಿರುತ್ತದೆ. ಹೋಳಿ ಮುಗಿಯುವುದರೊಳಗೆ ಅವನು ನಮ್ಮ ಮಾಳಿಗೆಯನ್ನು ರೊಟ್ಟಿಯ ಹಂಚು ಮಾಡಿಬಿಡುತ್ತಾನೆ. ಒಣಹಾಕಿದ ಮೆಣಸಿನಕಾಯಿ ತಿರುವಲು ಹೋದವರು ಕುಣಿಯುತ್ತ ಕೆಳಗಿಳಿಯುತ್ತಾರೆ. ಅದಕ್ಕೆ ನಾನು ಸಿಟ್ಟಾಗಿಲ್ಲ. ಬೇಡದ ಹೊತ್ತಿನಲ್ಲಿ ಕೊಡುವವರ ಮೇಲೆಲ್ಲ ಸಿಟ್ಟಾಗುತ್ತ ಕೂತರೆ ನೆಂಟಸ್ತಿಕೆಯೇ ಉಳಿಯುವುದಿಲ್ಲ. ನನ್ನ ತಕರಾರು ಬೇರೆ. ನಾಲ್ಕು ಕೊಡ ನೀರು ಬಿಸಿ ಮಾಡಿಕೊಡಪ್ಪ ಎಂದು ನಾನು ಅವನನ್ನು ಕೇಳಿದೆ. ಪುಕ್ಕಟೆ ಕೇಳಲಿಲ್ಲ, ಕೈಯಲ್ಲಿದ್ದುದನ್ನೆಲ್ಲ ಸುರಿದು ಕೇಳಿದೆ. ಅದಕ್ಕೆ ಅವನು ನಡೆದುಕೊಂಡ ರೀತಿಯನ್ನು ನಾಲ್ಕು ಜನರ ಮುಂದೆ ಇಡದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ನಮ್ಮ ಮನೆಯ ಬಂಬದ ವಿಷಯ. ಬಂಬವೆಂದರೆ ನೀರು ಕಾಯಿಸುವ ತಾಮ್ರದ ಹಂಡೆ. ನಡುವೆ ಕೊಳವೆ, ಕೆಳಗೆ ಬೆಂಕಿ, ಪಕ್ಕದಲ್ಲೊಂದು ನಲ್ಲಿ. ನೋಡಲು ಅದು ಹೊಟ್ಟೆ ತುಂಬಿದ ಸಾವುಕಾರನಂತೆ ಕಾಣುತ್ತದೆ, ಸ್ವಭಾವವೂ ಹಾಗೆಯೇ; ಎಷ್ಟು ತುರುಕಿದರೂ ಇನ್ನಷ್ಟು ಬೇಕು. ನಮ್ಮ ಮನೆಯಲ್ಲಿ ಕಾಕಾ, ಅಂದರೆ ನನ್ನ ತಂದೆಯ ತಮ್ಮ, ನಸುಕಿನಲ್ಲಿ ಸ್ನಾನ ಮಾಡಿ, ಪೂಜೆ ಮುಗಿಸಿ, ಸೂರ್ಯ ಮೂಡುವ ಹೊತ್ತಿಗೆ ಮಾಳಿಗೆಯ ಮೇಲೆ ನಿಂತು ಅರ್ಘ್ಯ ಕೊಡುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಮನೆಗೂ ನಮ್ಮ ಚಾದರದ ಅಂಗಡಿಗೂ ಅವರೇ ಯಜಮಾನರು. ಅವರ ಸ್ನಾನಕ್ಕೆ ಮೊದಲು ಬಂಬ ಕೊತಕೊತ ಅನ್ನಬೇಕು. ಅದನ್ನು ಹೊತ್ತಿಸುತ್ತಿದ್ದವಳು ನನ್ನ ಹೆಂಡತಿ ಶಾಂತಾ.

ಶಾಂತಾ ಅಕ್ಕಲಕೋಟ ತಾಲೂಕಿನ ತಡವಳದವಳು. ಮದುವೆಯಾಗಿ ಬಂದ ಮರುದಿನದಿಂದ ಹನ್ನೆರಡು ವರ್ಷ ಆ ಬಂಬದ ಮುಂದೆ ಕೂತು ಊದಿದಳು. ಕಟ್ಟಿಗೆಯ ವಖಾರಿಯವನು ತೊಗರಿ ಕಟ್ಟಿಗೆಯನ್ನು ನೆನೆಸಿ ತೂಗುತ್ತಿದ್ದ ಎಂದು ನನಗೆ ಇಂದಿಗೂ ಗುಮಾನಿ. ಆ ಹೊಗೆ ಬಚ್ಚಲಲ್ಲಿ ಹುಟ್ಟಿ, ಅವಳ ಎದೆ ಹೊಕ್ಕು, ಆಮೇಲೆ ಆರಾಮವಾಗಿ ಅಂಗಳಕ್ಕೆ ಬರುತ್ತಿತ್ತು. ಒಂದು ಥಂಡಿಗಾಲದಲ್ಲಿ ಹತ್ತಿದ ಕೆಮ್ಮು ಹೋಗಲೇ ಇಲ್ಲ. ಡಾಕ್ಟರು ಅವಳ ಬೆನ್ನಿಗೆ ಕೊಳವೆ ಹಚ್ಚಿ ಕೇಳಿ, ಅವಳನ್ನು ಬಿಟ್ಟು ನನ್ನನ್ನು ನೋಡಿದರು.

"ಹೊಗಿ ಬಂದ್ ಮಾಡ್ರಿ. ಇನ್ನ ಎರಡ ಥಂಡಿಗಾಲ ಹಿಂಗ ಹೊಗಿ ಕುಡದ್ರ, ಆಮ್ಯಾಲ ನನ್ನ ಔಷಧ ಕೆಲಸಕ್ಕ ಬರಂಗಿಲ್ಲ."

ಬಂದ್ ಮಾಡುವುದು ಹೇಗೆ? ಅರಬರು ಎಣ್ಣೆಯ ಬೆಲೆ ಏರಿಸಿ ಕೂತ ಕಾಲ ಅದು. ರೇಶನ್ನಿನ ರಾಕೇಲು, ಅಂದರೆ ಸೀಮೆಎಣ್ಣೆ, ಅಡುಗೆಯ ಸ್ಟೋವಿಗೇ ಸಾಲುತ್ತಿರಲಿಲ್ಲ. ವಿದ್ಯುತ್ತಿನಲ್ಲಿ ನೀರು ಕಾಯಿಸುವ ಯಂತ್ರ ಗಿರಣಿ ಮಾಲೀಕರ ಬಂಗಲೆಗಳಲ್ಲಿತ್ತು. ಅದರ ಹೆಸರು ಹೇಳಿದರೂ ಕಾಕಾ ಕರೆಂಟಿನ ಬಿಲ್ಲು ಬಂದವರಂತೆ ಬೆಚ್ಚುತ್ತಿದ್ದರು. ಆಗ ವಾಚನಾಲಯದಲ್ಲಿ ಒಂದು ಮರಾಠಿ ಮಾಸಿಕ ನನ್ನ ಕೈಗೆ ಬಿತ್ತು. ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆ, ಸಾಮಾನ್ಯ ಮನುಷ್ಯನೂ ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಅದರಲ್ಲಿ ಬರೆದಿತ್ತು. ಸಾಮಗ್ರಿಯ ಪಟ್ಟಿ 'ಮೊದಲು ತಾಮ್ರದ ಕೊಳವೆ' ಎಂದು ಶುರುವಾಗಿತ್ತು. ಆ ಲೇಖಕರು ಯಾವ ಊರಿನ ಸಾಮಾನ್ಯ ಮನುಷ್ಯನನ್ನು ಕಂಡಿದ್ದರೋ, ಸಿಕ್ಕರೆ ಕೇಳಬೇಕೆಂದಿದ್ದೇನೆ.

ಅಂಗಡಿಯ ಗಲ್ಲಾಪೆಟ್ಟಿಗೆಯ ಕೀಲಿ ಕಾಕಾನ ಉಡಿದಾರದಲ್ಲಿ. ನನ್ನದೆಂದು ಹೇಳಬಹುದಾದ ಒಂದೇ ಒಂದು ವಸ್ತು ನನ್ನ ಮುಂಗೈಯ ಮೇಲಿತ್ತು: ಮದುವೆಯಲ್ಲಿ ತಡವಳದವರು ಕೊಟ್ಟ ಕೈಗಡಿಯಾರ. ಅದನ್ನು ಮಾರಿದೆ. ಗಡಿಯಾರ ಮಾರಿ ಸೂರ್ಯನನ್ನು ಕೊಂಡೆ ಎಂದು ಆಗ ನಾನು ಬೀಗಿದ್ದುಂಟು. ತಾಮ್ರದ ಕೊಳವೆಯ ಬದಲು ಹಳೇ ಬಜಾರದಲ್ಲಿ ಕಬ್ಬಿಣದ ನಳ ತಂದೆ. ಪೆಟ್ಟಿಗೆ ಮಾಡಿಸಲು ಅಕ್ಕಲಕೋಟಕ್ಕೆ ಹೋದೆ. ಅಲ್ಲಿಯ ಪತ್ರಾದ, ಅಂದರೆ ತಗಡಿನ, ಮಿಸ್ತ್ರಿ ಸೊಲ್ಲಾಪುರದವರಿಗಿಂತ ಅಗ್ಗ. ಅವನು ಹುಟ್ಟಿದಾಗಿನಿಂದ ಕಾಳು ತುಂಬುವ ತಗಡಿನ ಕೋಠಿಗಳನ್ನು ಮಾಡಿದವನು.

"ಇದರಾಗ ಜ್ವಾಳ ಹಾಕತೀರೇನ್ರಿ?" ಅಂದ.

"ಇಲ್ಲಪಾ, ಬಿಸಲ ಹಾಕತೀನಿ."

ಮಿಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬಿಸಲಕ್ಕ ಪೆಟಿಗಿ ಯಾಕ್ರಿ ಸಾವಕಾರ? ಬಯಲಾಗ ಪುಕ್ಕಟ ಬಿದ್ದದಲ್ಲ."

ಎಂಟು ದಿನ ಬಿಟ್ಟು ಹೋದರೆ ಪೆಟ್ಟಿಗೆ ಸಿದ್ಧವಾಗಿತ್ತು. ಒಳಗೆ ಹಾವಿನಂತೆ ಸುತ್ತಿದ ನಳ, ಮೇಲೆ ಕರಿ ಬಣ್ಣ, ಎಲ್ಲ ಸರಿ. ಆದರೆ ಕೆಳಗಿನ ಮೂಲೆಯಲ್ಲಿ ಮುಚ್ಚಳದ ಸಮೇತ ಒಂದು ಸಣ್ಣ ಬಾಯಿ ಇಟ್ಟಿದ್ದ. ಕೋಠಿಯಿಂದ ಕಾಳು ಇಳಿಸಿಕೊಳ್ಳುವ ಬಾಯಿ. ಕೈ ತನ್ನ ರೂಢಿಯಂತೆ ಮಾಡಿತು, ಅವನದೇನೂ ತಪ್ಪಿಲ್ಲವಂತೆ. ಅದನ್ನು ಮುಚ್ಚಿಸಲು ಮತ್ತೆ ಹಣ ಕೇಳಿದ. ತೂತು ಮಾಡಿದವನೇ ತೂತು ಮುಚ್ಚಿದ್ದಕ್ಕೆ ಮಜೂರಿ ಎಣಿಸಿಕೊಂಡ. ಎಸ್.ಟಿ. ಬಸ್ಸಿನ ಕಂಡಕ್ಟರು ಆ ಪೆಟ್ಟಿಗೆಗೆ ಲಗೇಜಿನ ತಿಕೀಟು ಹರಿದ. ನಾನು ಯಾರೊಡನೆಯೂ ಜಗಳಾಡಲಿಲ್ಲ. ಸಿಟ್ಟನ್ನೆಲ್ಲ ಒಂದೇ ಕಡೆ ಖರ್ಚು ಮಾಡಲು ಕೂಡಿಡುತ್ತಿದ್ದೆ ಎಂದು ಈಗ ತೋರುತ್ತದೆ.

ಪೆಟ್ಟಿಗೆಯ ಮೇಲೆ ಗಾಜು ಬೇಕು. ಹೊಸ ಗಾಜಿನ ಧಾರಣೆ ಕೇಳಿ ಮನೆಗೆ ಬಂದೆ. ಅಂಗಡಿಯ ಹಿಂದೆ ಹಳೆಯ ಕಪಾಟಿನ ಗಾಜಿನ ಬಾಗಿಲೊಂದು ಬಿದ್ದಿತ್ತು. ಅದರ ಮೇಲೆ ನಮ್ಮ ಅಪ್ಪ ಬರೆಸಿದ ಕೆಂಪು ಅಕ್ಷರ: 'ಆಜ ರೋಖ, ಉದ್ಯಾ ಉಧಾರ'. ಇಂದು ನಗದು, ನಾಳೆ ಉದ್ರಿ. ಸೊಲ್ಲಾಪುರದ ಅರ್ಧ ಅಂಗಡಿಗಳಲ್ಲಿ ಈ ಮಾತಿದೆ. ನಾಳೆ ಹೋದರೂ ಫಲಕ ಇದನ್ನೇ ಹೇಳುತ್ತದೆಂಬುದು ಗಿರಾಕಿಗೂ ಗೊತ್ತು. ತಮ್ಮ ಅಣ್ಣ ಬರೆಸಿದ ಅಕ್ಷರ ಕೆರೆಯಬಾರದೆಂಬ ಕರಾರಿನ ಮೇಲೆ ಕಾಕಾ ಆ ಬಾಗಿಲು ಕೊಟ್ಟರು.

ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ಕೂಡಿಸುವ ದಿನ ದೊಡ್ಡ ರಗಳೆಯಾಯಿತು. ಥಂಡಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಹೋಗುತ್ತಾನೆ, ಹೀಗಾಗಿ ಪೆಟ್ಟಿಗೆ ದಕ್ಷಿಣಕ್ಕೆ ಮುಖ ಮಾಡಿರಬೇಕು. ಕಾಕಾ ಅರ್ಘ್ಯದ ತಂಬಿಗೆ ಹಿಡಿದುಕೊಂಡೇ ಬಂದು ನಿಂತರು.

"ಸೂರ್ಯಾ ಮೂಡೂದು ಮೂಡಣಕ್ಕ. ನಿನ್ನ ಪೆಟಿಗಿ ಯಾಕ ತೆಂಕಣಕ್ಕ ಮಾರಿ ಮಾಡ್ಯದ? ಅದು ಯಮನ ದಿಕ್ಕ."

ಭೂಮಿಯ ವಾಲು, ಸೂರ್ಯನ ಪಥ, ಎಲ್ಲ ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. "ಮಾಡ್ಕೊ. ಯಮ ಬಂದ್ರ ನನ್ನ ಹೆಸರ ಹೇಳಬ್ಯಾಡ," ಎಂದು ಇಳಿದು ಹೋದರು.

ಪೆಟ್ಟಿಗೆಗಿಂತ ಎತ್ತರದಲ್ಲಿ, ಇಟ್ಟಿಗೆಯ ಕಟ್ಟೆಯ ಮೇಲೆ ಒಂದು ಪೀಪಾಯಿ. ಬೆಳಗಿನ ನಲ್ಲಿಯ ನೀರನ್ನು ಹೊತ್ತು ಅದಕ್ಕೆ ತುಂಬಿದೆ. ಪೆಟ್ಟಿಗೆಯಲ್ಲಿ ಕಾದ ನೀರು ತಾನಾಗಿ ಮೇಲೇರಿ ಪೀಪಾಯಿ ಸೇರುತ್ತದೆ, ಅಲ್ಲಿಂದ ನಳ ಕೆಳಗೆ ಬಚ್ಚಲಿಗೆ. ಮಧ್ಯಾಹ್ನ ಎರಡೂವರೆಗೆ ನಲ್ಲಿ ತಿರುವಿದೆ. ಕೈ ಸುಟ್ಟಿತು. ಕೈ ಸುಟ್ಟುಕೊಂಡು ಅಷ್ಟು ಸಂತೋಷಪಟ್ಟವರು ಈ ಊರಿನಲ್ಲಿ ಬೇರೆ ಯಾರೂ ಇರಲಾರರು. ಕಡ್ಡಿಯಿಲ್ಲ, ಹೊಗೆಯಿಲ್ಲ, ಕೆಮ್ಮಿಲ್ಲ. ತಲೆಯ ಮೇಲೆ ತಂಬಿಗೆಗಟ್ಟಲೆ ಸುರಿದುಕೊಂಡೆ.

ಇಲ್ಲಿ ಒಂದು ಮಾತು. ನಮ್ಮ ಕಡೆ ಮಧ್ಯಾಹ್ನದ ಹೊತ್ತು ಯಾರಾದರೂ ತಲೆಯ ಮೇಲೆ ನೀರು ಸುರಿದುಕೊಂಡರೆ ಅದಕ್ಕೆ ಒಂದೇ ಅರ್ಥ: ಮಣ್ಣಿಗೆ ಹೋಗಿ ಬಂದಿದ್ದಾರೆ, ಇಲ್ಲವೇ ಸತ್ತ ಸುದ್ದಿ ಮುಟ್ಟಿದೆ. ಭೂಮಿಯ ವಾಲನ್ನೆಲ್ಲ ಓದಿಕೊಂಡ ನನಗೆ ಇದು ನೆನಪಾಗಲಿಲ್ಲ. ಒದ್ದೆ ತಲೆ, ಒದ್ದೆ ಧೋತರ, ಸಾಬೂನು ಹೊಕ್ಕು ಕೆಂಪಾದ ಕಣ್ಣುಗಳೊಡನೆ ಅಂಗಳಕ್ಕೆ ಬಂದಾಗ ಪಕ್ಕದ ಮನೆಯ ಸರಸೂಬಾಯಿ ಎದುರಾದರು.

"ಏನಾತ್ರೀ?" ಅಂದರು, ಸಣ್ಣ ದನಿಯಲ್ಲಿ.

ನಾನು ಹೆಮ್ಮೆಯಿಂದ ಮಾಳಿಗೆಯ ಕಡೆ ಕೈ ಎತ್ತಿದೆ. "ಮ್ಯಾಲ ನೋಡ್ರಿ ವೈನಿ. ಕಾಕಾ ಬ್ಯಾಡ ಬ್ಯಾಡ ಅಂದ್ರು. ಆದ್ರೂ ಆಗಿಹೋತು."

ಅವರು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು. ನನ್ನ ವಿಜ್ಞಾನಕ್ಕೆ ಬೆರಗಾದರೆಂದು ನಾನು ತಿಳಿದೆ. ಅವರು ಹೋಗಿದ್ದು ಹಿಂದಿನ ಬಾಗಿಲಿಗೆ. ಅಲ್ಲಿ ಜೋಳ ಅಳೆದುಕೊಡಲು ಬಂದಿದ್ದ ತಡವಳದವನೊಬ್ಬ ಕೂತಿದ್ದ, ಸಂಜೆಯ ಬಸ್ಸಿಗೆ ಊರಿಗೆ ಹೋಗುವವನು.

ರಾತ್ರಿಯ ಥಂಡಿಗೆ ಪೀಪಾಯಿಯ ನೀರು ಆರಿ ತಣ್ಣಗಾಗಿತ್ತು. ಮರುದಿನ ಬೆಳಗ್ಗೆ ತಣ್ಣೀರಿನ ಸ್ನಾನ ಮುಗಿಸಿದ ಕಾಕಾ ಪಡಸಾಲೆಯಲ್ಲಿ ಕೂತು ಬಶಿಯಲ್ಲಿ ಚಹಾ ಊದುತ್ತಿದ್ದಾಗ ಶಾಂತಾಳ ಅಣ್ಣ ಭೀಮಣ್ಣ ಇಬ್ಬರು ಹಿರಿಯರೊಡನೆ ಬಂದು ಬಾಗಿಲಲ್ಲಿ ನಿಂತ. ತಲೆಯ ಮೇಲೆ ಟವೆಲು, ಕಂಕುಳಲ್ಲಿ ದೊಡ್ಡ ಗಂಟು. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಬೀಗರು ಬುತ್ತಿ ತರಬೇಕು. ಕಾಕಾ ಗಂಟು ನೋಡಿ ಬಶಿ ಕೆಳಗಿಟ್ಟರು.

"ಬರ್ರಿ, ಬರ್ರಿ. ಯಾರ ಹೋದ್ರು?"

ಭೀಮಣ್ಣ ಅತ್ತ ಇತ್ತ ನೋಡಿದ. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. "ನೀವ್ರೀ, ಕಾಕಾ," ಅಂದ.

ಆಮೇಲಿನ ಅರ್ಧ ತಾಸನ್ನು ನಾನು ವರ್ಣಿಸುವುದಿಲ್ಲ. ಇಷ್ಟು ಹೇಳಬಹುದು: ತಂದ ಅನ್ನವನ್ನು ಹಿಂದಕ್ಕೆ ಕಳಿಸಬಾರದೆಂದು ಕಾಕಾ ತಮ್ಮ ಸಾವಿನ ಬುತ್ತಿಯನ್ನು ತಾವೇ ಬಿಚ್ಚಿ ಉಂಡರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. "ರೊಟ್ಟಿ ಇನ್ನೂ ಬೆಚ್ಚಗ ಅದಾವಲ್ಲೋ," ಎಂದು ಭೀಮಣ್ಣನನ್ನು ಮೆಚ್ಚಿದರು ಕೂಡ. ಭೀಮಣ್ಣ ಮಾತ್ರ ಬರಿದಾದ ನನ್ನ ಮುಂಗೈಯನ್ನೇ ನೋಡುತ್ತಿದ್ದ. ಕೈ ತೊಳೆದು ಕಾಕಾ ತೀರ್ಪು ಕೊಟ್ಟರು.

"ತೆಂಕಣದ ಪೆಟಿಗಿ ಇಳಸು. ನಾಳಿಂದ ಮೊದಲಿನಂಗ ಬಂಬ ಹೊತ್ತಲಿ."

ನಾನು ಸಿಟ್ಟಿಗೆದ್ದೆ. ಡಾಕ್ಟರ ಮಾತು ಹೇಳಿದೆ. ಅವಳ ಎದೆಯ ಹೊಗೆ ಮುಖ್ಯವೋ ನಿಮ್ಮ ನಸುಕು ಮುಖ್ಯವೋ, ಸ್ನಾನವನ್ನು ಮಧ್ಯಾಹ್ನಕ್ಕೆ ಹಾಕಿಕೊಂಡರೆ ಏನು ಮುಳುಗಿತು ಎಂದು ಕೇಳಿದೆ. ಕಾಕಾನ ಮುಖ ಒಂದು ಗಳಿಗೆ ಸಣ್ಣದಾಯಿತು, ಶಾಂತಾಳ ಕಡೆ ನೋಡಿದರು. ಆದರೂ ಹಟ ಬಿಡಲಿಲ್ಲ.

"ಸತ್ತಾಗ ಮಧ್ಯಾನ್ನ ನೀರ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಜೀವ ಇರೂತನಕಾ ನಸಕಿನ್ಯಾಗ."

ಮಾಳಿಗೆಗೆ ಹೋಗಿ ಸೂರ್ಯನನ್ನು ಬಾಯಿಗೆ ಬಂದಂತೆ ಬೈದೆ. ತಲತಲಾಂತರದಿಂದ ನಿನಗೆ ದಿನಾ ಬೆಳಗ್ಗೆ ನೀರು ಎರೆಯುತ್ತ ಬಂದಿದ್ದೇವೆ. ಅದರಲ್ಲಿ ನಾಲ್ಕು ಕೊಡವನ್ನು ಬಿಸಿ ಮಾಡಿ ಹೊತ್ತಿಗೆ ಸರಿಯಾಗಿ ಹಿಂದಕ್ಕೆ ಕೊಡಲು ಏನು ರೋಗ? ಏಳು ಕುದುರೆ ಕಟ್ಟಿಕೊಂಡೂ ಎರಡೂವರೆಗೆ ಬರುತ್ತೀಯಲ್ಲ. ಬೈಯುತ್ತ ಬೈಯುತ್ತ ಕಣ್ಣು ಗಾಜಿನ ಮೇಲೆ ಬಿತ್ತು. ಆಜ ರೋಖ, ಉದ್ಯಾ ಉಧಾರ. ನಮ್ಮಪ್ಪನ ಅಕ್ಷರವನ್ನು ನಾನೇ ಎತ್ತಿ ಸೂರ್ಯನ ಮುಖಕ್ಕೆ ಹಿಡಿದಿದ್ದೆ. ಅವನು ಓದಿಕೊಂಡು ಅದರಂತೆ ನಡೆದಿದ್ದ. ಮಧ್ಯಾಹ್ನ ಬಂದವರಿಗೆ ರೋಖ. ನಾಳೆ ನಸುಕಿಗೆ ಬೇಕೆಂದವರಿಗೆ ಉದ್ರಿ, ಅಂದರೆ ಇಲ್ಲ.

ಅಷ್ಟರಲ್ಲಿ ಶಾಂತಾ ಮೇಲೆ ಬಂದಳು. ಮೆಟ್ಟಿಲು ಹತ್ತಿದ್ದಕ್ಕೆ ಕೆಮ್ಮುತ್ತಿದ್ದಳು. ಹೆಗಲ ಮೇಲೆ ಅಂಗಡಿಯಲ್ಲಿ ಡಾಗು ಬಿದ್ದು ಮಾರಾಟವಾಗದ ನಾಲ್ಕು ಚಾದರ, ಕೈಯಲ್ಲಿ ಭೀಮಣ್ಣ ಬುತ್ತಿ ಸುತ್ತಿ ತಂದಿದ್ದ ಹಳೆಯ ಕೌದಿ.

"ನಮ್ಮಣ್ಣ ನಸಕಿನ್ಯಾಗ ಮನಿ ಬಿಟ್ಟಾನ. ಅಕ್ಕಲಕ್ವಾಟದಾಗ ಬಸ್ ಬದಲಿ ಮಾಡ್ಯಾನ. ಆದ್ರೂ ರೊಟ್ಟಿ ಬೆಚ್ಚಗಿದ್ದೂವು," ಅಂದಳು. "ಸೂರ್ಯಾ ಉದ್ರಿ ಕೊಡಂಗಿಲ್ಲ ಅಂದ್ರ ಬೈದೇನ ಮಾಡೂದದ? ರೋಖ ತಗೊಂಡು ಗಂಟ ಕಟ್ಟಿ ಇಡಬೇಕು."

ಪೀಪಾಯಿಗೆ ಮೊದಲು ಕೌದಿ, ಅದರ ಮೇಲೆ ಒಂದರ ಮೇಲೊಂದು ಚಾದರ ಸುತ್ತಿ, ಹಗ್ಗ ಬಿಗಿದಳು. ಮಾಸಿಕದ ಆ ಲೇಖಕರು ಇದನ್ನು ಬರೆದಿರಲಿಲ್ಲ. ಚಾದರದ ಊರಿನಲ್ಲಿ ಚಾದರದ ಅಂಗಡಿಯಲ್ಲಿ ಬೆಳೆದ ನನಗೂ ಹೊಳೆದಿರಲಿಲ್ಲ. ಮರುದಿನ ನಸುಕಿನಲ್ಲಿ ನೀರು ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಕಾಕಾಗೆ ಬೇಕಾದಷ್ಟು ಕಾವಿರಲಿಲ್ಲ ನಿಜ, ಆದರೆ ಬಂಬಕ್ಕೆ ಸುರಿದರೆ ಒಂದು ಹಿಡಿ ಕಟ್ಟಿಗೆಯ ಕೆಲಸ, ಅಷ್ಟೇ.

"ನೋಡು," ಅಂದೆ ಗೆದ್ದವನ ಹಾಗೆ, "ಇನ್ನ ನಿನಗ ನಾಕ ಕಡ್ಡಿ ಹಚ್ಚಿದ್ರ ಸಾಕು."

"ನಾಕ ಕಡ್ಡಿ ಸಾಕಂದ್ರ ನೀವ ಹಚ್ಚರಿ," ಅಂದಳು ಶಾಂತಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. "ಹನ್ನೆರಡ ವರ್ಷದಾಗ ನೀವು ದಿನಾ ನಸಕಿನ್ಯಾಗ ಎದ್ದಿದ್ರ, ಸೂರ್ಯನ್ನ ಎಬ್ಬಸೂ ಕೆಲಸಾನ ಬೀಳತಿದ್ದಿಲ್ಲ."

ನನಗೆ ವಿಪರೀತ ರೋಷ ಬಂತು. ಇವಳಿಗಾಗಿ ಗಡಿಯಾರ ಮಾರಿದವನು ನಾನು, ಮಿಸ್ತ್ರಿಯ ಮುಂದೆ ಹುಚ್ಚನೆನಿಸಿಕೊಂಡವನು ನಾನು, ಬದುಕಿದ್ದ ಕಾಕಾನನ್ನು ಕೊಂದವನು ನಾನು. ಇಷ್ಟೆಲ್ಲ ಮಾಡುವುದಕ್ಕಿಂತ ಬೆಳಗ್ಗೆ ಎದ್ದು ಕಡ್ಡಿ ಗೀರುವುದು ಅಗ್ಗವಾಗಿತ್ತೆಂದು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆಯಲಿಲ್ಲವಲ್ಲ! ಉತ್ತರ ಹುಡುಕಿದೆ. ಕಡ್ಡಿಪೆಟ್ಟಿಗೆ ಸಿಕ್ಕಿತು.

ಅಂದಿನಿಂದ ಬಂಬ ಹೊತ್ತಿಸುವವನು ನಾನು. ಒಂದು ಹಿಡಿ ಕಟ್ಟಿಗೆಯ ಹೊಗೆಗೇ ನನ್ನ ಕಣ್ಣು ಮೂಗು ಹರಿಯುತ್ತದೆ. ಅವಳು ಮಣಗಟ್ಟಲೆ ಕುಡಿದಳು. ಆ ಥಂಡಿಗಾಲ ಕಳೆಯುವುದರೊಳಗೆ ಅವಳ ಕೆಮ್ಮು ತಗ್ಗಿತು, ಮುಂದಿನದರಲ್ಲಿ ಬರಲೇ ಇಲ್ಲ. ಕಾಕಾ ಪೆಟ್ಟಿಗೆಯ ಸುದ್ದಿ ಎತ್ತುವುದನ್ನು ಬಿಟ್ಟರು. ಅದರ ಗಾಜಿನ ಮೇಲೆ ಧೂಳಿದ್ದರೆ ಅರ್ಘ್ಯದ ನೀರಿನಲ್ಲಿ ಅವರೇ ಒರೆಸುವುದನ್ನು ನಾನು ಕಂಡಿದ್ದೇನೆ.

ಆದರೂ ಸೂರ್ಯನ ಮೇಲಿನ ನನ್ನ ಸಿಟ್ಟು ಹೋಗಿಲ್ಲ. ನೀರು ಕಾದು, ಎಲ್ಲರ ಸ್ನಾನವಾಗಿ, ಬೂದಿ ತೆಗೆದು, ಮನೆಯ ಕೆಲಸವೆಲ್ಲ ಒಂದು ಹದಕ್ಕೆ ಬಂದ ಮೇಲೆ, ಆಗ ತಾನೇ ಎದ್ದ ಕೆಂಪು ಮುಖ ಹೊತ್ತುಕೊಂಡು ನಿಧಾನಕ್ಕೆ ಮೇಲೆ ಬಂದು ಎಲ್ಲರಿಂದ ನಮಸ್ಕಾರ ಮಾಡಿಸಿಕೊಳ್ಳುತ್ತಾನೆ. ನೋಡಿದರೆ ಮೈ ಉರಿಯುತ್ತದೆ. ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ನಾನು ಎದ್ದು ಬರುತ್ತಿದ್ದುದೂ ಹಾಗೆಯೇ.