ಕಿವಿನೋವಿಗೆ ದೊಡ್ಡಪ್ಪನ ಬೀಡಿ

ಬೀಡಿಯ ಹೊಗೆ ಎಲ್ಲರಿಗೂ ಮೂಗಿನಿಂದ ಪರಿಚಯವಾಗುತ್ತದೆ. ನನಗೆ ಆದದ್ದು ಕಿವಿಯಿಂದ. ಆಗಿನ್ನೂ ನಯಾ ಪೈಸೆ ಬಂದ ಹೊಸತು, ನಾನು ಲಂಗ ಹಾಕುವ ಹುಡುಗಿ. ಶಿಕಾರಿಪುರದ ನಮ್ಮ ಓಣಿಯಲ್ಲಿ ಮಕ್ಕಳಿಗೆ ಕಿವಿನೋವು ಬಂದರೆ ಯಾರಿಗೂ ಆಸ್ಪತ್ರೆ ನೆನಪಾಗುತ್ತಿರಲಿಲ್ಲ, ನಮ್ಮ ದೊಡ್ಡಪ್ಪ ನೆನಪಾಗುತ್ತಿದ್ದ. ಅವನು ಬೀಡಿ ಹಚ್ಚಿ ನಾಲ್ಕು ದಮ್ ಎಳೆದು, ಅದನ್ನು ತಿರುಗಿಸಿ ಕೆಂಡದ ತುದಿಯನ್ನೇ ಬಾಯೊಳಗೆ ಇಟ್ಟುಕೊಳ್ಳುತ್ತಿದ್ದ. ನಾಲಿಗೆ ಸುಡದ ಹಾಗೆ ಹಲ್ಲಿನಲ್ಲಿ ಕಚ್ಚಿ ಹಿಡಿದು, ತನ್ನ ಎಂಜಲಿನಿಂದ ಒದ್ದೆಯಾದ ಇನ್ನೊಂದು ತುದಿಯನ್ನು ಮಗುವಿನ ಕಿವಿಗಿಟ್ಟು ಊದುತ್ತಿದ್ದ. ಹೊಗೆ ಬಿಸಿಯಾಗಿ ಒಳಗೆ ನುಗ್ಗುತ್ತಿತ್ತು.

ನನ್ನ ಎಡಗಿವಿ ಆಗಾಗ ಸೋರುತ್ತಿದ್ದುದರಿಂದ ಈ ಭಾಗ್ಯ ಉಳಿದವರಿಗಿಂತ ನನಗೇ ಹೆಚ್ಚು. ಅಪ್ಪನ ತಾಯಿ, ನಮ್ಮ ಅಜ್ಜಿ, ನನ್ನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿಯುತ್ತಿದ್ದಳು. ದೊಡ್ಡಪ್ಪನ ಮೀಸೆ ಕೆನ್ನೆಗೆ ಚುಚ್ಚುತ್ತಿತ್ತು. ಆ ಮೀಸೆಯ ನಡುಭಾಗ ಬಿಳಿಯೂ ಅಲ್ಲ, ಕಪ್ಪೂ ಅಲ್ಲ, ಕೊಳೆತ ಅರಿಸಿನದ ಬಣ್ಣ. ಹುಳಿ ಹಿಡಿದ ಉಸಿರು ಮುಖಕ್ಕೇ ಬಡಿಯುತ್ತಿತ್ತು, ಎಂಜಲು ಕಿವಿಯಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಈಗ ಬರೆಯುವಾಗಲೂ ಆ ಕಡೆಯ ಕುತ್ತಿಗೆಯನ್ನು ಸೆರಗಿನಿಂದ ಒರೆಸಿಕೊಂಡೆ. ನೋವು ಹೋಯಿತು ಎಂದು ನಾನು ಬೇಗ ಸುಳ್ಳು ಹೇಳಿಬಿಡುತ್ತಿದ್ದೆ, ಇಲ್ಲದಿದ್ದರೆ ಇನ್ನೊಂದು ಬೀಡಿ ಹಚ್ಚುತ್ತಿದ್ದರು. ಹಾಗೆ ನನ್ನ ಸುಳ್ಳಿನಿಂದಲೂ ದೊಡ್ಡಪ್ಪನ ಹೆಸರು ಬೆಳೆಯಿತು.

ಇದೊಂದನ್ನು ಬಿಟ್ಟರೆ ಅವನಿಗೆ ಬೇರೆ ಹೆಸರು ಇರಲಿಲ್ಲ. ದೊಡ್ಡಮ್ಮ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ದಲ್ಲಾಳಿ ಅಂಗಡಿಯಲ್ಲಿ ಭತ್ತದ ಚೀಲ ಎತ್ತಿ ತೂಕಕ್ಕಿಡುವ ಕೆಲಸ. ಅಲ್ಲಿ ಅವನಿಗೆ ಕವಡೆ ಕಿಮ್ಮತ್ತಿಲ್ಲ, ಎಲ್ಲರೂ ಗದರಿಸುವವರೇ. ನಮ್ಮ ಜಗಲಿಯ ಮೇಲೆ ಮಾತ್ರ ಅವನು 'ಅಣ್ಣಾರು'. ಕೂಸು ಹೊತ್ತು ಬಂದ ಹೆಂಗಸರು ರೀ ಹಚ್ಚಿ ಮಾತಾಡಿಸುತ್ತಿದ್ದರು. ನಮ್ಮ ಅಪ್ಪನಿಗೆ ಅಷ್ಟೂ ಇಲ್ಲ. ಅಪ್ಪ ಬೀಡಿ ಮುಟ್ಟಿದವನಲ್ಲ. ಹೊಲದಿಂದ ಬಂದು ಕಂಬಕ್ಕೆ ಒರಗಿ ಕೂತರೆ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಹೊಗೆಯ ಮಹಿಮೆ ಹಾಡುವ ಹೆಂಗಸರು ಬೆಳಗಿನ ಹೊತ್ತು ನಮ್ಮ ಮನೆಗೆ ಬರಬೇಕಿತ್ತು. ದೊಡ್ಡಪ್ಪ ಮಂಚದ ಅಂಚಿಗೆ ಕೂತು ಕರುಳು ಹೊರಗೆ ಬೀಳುವ ಹಾಗೆ ಕೆಮ್ಮುತ್ತಿದ್ದ. ಮಂಚದ ಕೆಳಗೆ ಬೂದಿ ಹಾಕಿದ ಒಂದು ತಗಡಿನ ಡಬ್ಬಿ. ಅದರೊಳಗಿನದನ್ನು ಹಿತ್ತಲಿಗೆ ಒಯ್ದು ಚೆಲ್ಲುವುದು ನಮ್ಮ ಅವ್ವನ ಪಾಲಿನ ಕೆಲಸ. ಮೂಗಿಗೆ ಸೆರಗು ಒತ್ತಿಕೊಂಡು ಅವಳು ಹೋಗುವಾಗ ಪಕ್ಕದ ಮನೆಯ ಕೋಳಿಗಳು ಹಿಂದೆಯೇ ಓಡುತ್ತಿದ್ದವು. ನಾನು ಎಷ್ಟೋ ದಿನ ರೊಟ್ಟಿ ಮುಟ್ಟದೆ ಶಾಲೆಗೆ ಹೋಗಿದ್ದೇನೆ.

ಚೀಲ ಎತ್ತಲು ಹೋಗಿ ಉಸಿರು ಕಟ್ಟಿ ಕುಸಿದು ಬಿದ್ದ ಮೇಲೆ ಅಪ್ಪ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಬೆನ್ನಿಗೆ ಕಿವಿಕೊಳವೆ ಇಟ್ಟು ಕೇಳಿ, "ಬೀಡಿ ಬಿಟ್ಟರೆ ಬದುಕ್ತೀಯ. ಬಿಡದಿದ್ದರೆ ನನ್ನ ಹತ್ತಿರ ಬರಬೇಡ" ಅಂದರಂತೆ. ದೊಡ್ಡಪ್ಪ ನಿಜಕ್ಕೂ ಹೆದರಿದ. ಬಿಡುತ್ತೇನೆ ಅಂದ. ಎರಡು ದಿನಕ್ಕೆ ಯಾವುದೋ ಕೂಸಿನ ಕಿವಿ ನೋಯಿತು, ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ಆಗ ಅವ್ವ ಬಾಗಿಲ ಮರೆಯಲ್ಲಿ ನಿಂತು ಮಾತಾಡಿದಳು. ಅವಳ ತವರು ಸೊರಬದ ಕಡೆ.

"ಇಲ್ಲಿದ್ರೆ ನಿಮ್ಗೆ ಬಿಡಕ್ಕಾಗದಿಲ್ಲ ಭಾವ. ನಮ್ಮೂರಿಗೆ ಹೋಗಿ ಇರಿ. ಅಲ್ಲಿ ಯಾರೂ ನಿಮ್ ಹತ್ರ ಕೂಸು ಹೊತ್ಕಂಡು ಬರದಿಲ್ಲ."

ನಾಟಿಯ ಹೊತ್ತಿಗೆ ಹೋದವನು ದೀಪಾವಳಿಗೆ ವಾಪಸು ಬಂದ. ಮೊದಮೊದಲು ಕೈಕಾಲು ನಡುಗಿತಂತೆ, ನನ್ನ ಸೋದರಮಾವನಿಗೆ ಬಾಯಿಗೆ ಬಂದ ಹಾಗೆ ಬೈದನಂತೆ, ಒಂದು ದಿನ ಗದ್ದೆಯ ಬದುವಿನ ಮೇಲೆ ಕೂತು ಅತ್ತನಂತೆ. ಮಾವ ಜಗ್ಗಲಿಲ್ಲ. ಮನೆಯ ಬೆಂಕಿಪೊಟ್ಟಣಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗಿದ. ಬಸ್ಸಿಳಿದು ಮನೆಯವರೆಗೆ ಎಲ್ಲೂ ನಿಲ್ಲದೆ ನಡೆದು ಬಂದ ದೊಡ್ಡಪ್ಪನನ್ನು ನೋಡಿ ಅಪ್ಪನ ಕಣ್ಣು ತುಂಬಿತು. ಮೀಸೆ ಬೆಳ್ಳಗಾಗಿತ್ತು, ಮೈಯಿಂದ ಒಗೆದ ಪಂಚೆಯ ವಾಸನೆ ಮಾತ್ರ ಬರುತ್ತಿತ್ತು. ಮೊದಲ ಸಲ ನಾನಾಗಿಯೇ ಅವನ ಪಕ್ಕ ಹೋಗಿ ಕೂತೆ. ಸೊರಬದ ಕಡೆಯ ಗುಡವಿ ಕೆರೆಯ ಹಕ್ಕಿಗಳು ಹೇಗೆ ಕೂಗುತ್ತವೆಂದು ಕೂಗಿ ತೋರಿಸಿದ. ಅಷ್ಟು ಕೂಗಿದರೂ ಕೆಮ್ಮು ಬರಲಿಲ್ಲ. ನನಗೆ ದೊಡ್ಡಪ್ಪನ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತು.

ಹಬ್ಬದ ಎಣ್ಣೆಸ್ನಾನದ ನೀರು ಮಕ್ಕಳ ಕಿವಿಗೆ ಹೋಗಿ, ಹಬ್ಬ ಮುಗಿಯುತ್ತಲೇ ಒಬ್ಬಳು ಬಂದಳು. ಕಂಕುಳಲ್ಲಿ ಚೀರುವ ಕೂಸು, ಸೆರಗಿನ ಗಂಟಿನಲ್ಲಿ ಬೀಡಿ ಕಟ್ಟು.

"ಅಣ್ಣಾರ, ರಾತ್ರೆಲ್ಲ ಅತ್ತೈತ್ರಿ. ಒಂದೀಟು ಊದ್ರಿ."

"ಬಿಟ್ಟೀನವ್ವ. ಡಾಕ್ಟರು ಬ್ಯಾಡ ಅಂದಾರ. ಆಸ್ಪತ್ರೀಗೆ ಕರ್ಕಂಡು ಹೋಗು" ಅಂದ ದೊಡ್ಡಪ್ಪ. ಎದ್ದು ಒಳಗೂ ಹೋದ.

ಅವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ತಂದಳು. "ಎಣ್ಣಿ ನಮ್ಮನ್ಯಾಗೂ ಐತಿ ಬಿಡ್ರಿ" ಎಂದು ಆ ಹೆಂಗಸು ಮೂಗು ಮುರಿದು, ಜಗಲಿಯ ಮೇಲೇ ಕೂತು ತಾನೂ ಅಳಲು ಶುರುಮಾಡಿದಳು. ಅಕ್ಕಪಕ್ಕದವರು ಸೇರಿದರು. ಅಜ್ಜಿಗೆ ಮರ್ಯಾದೆ ಹೋದಂತಾಯಿತು.

"ನಿನ್ನ ಎದಿ ದೊಡ್ಡದೋ, ಕೂಸಿನ ಕಿವಿ ದೊಡ್ಡದೋ?" ಎಂದು ಒಳಗೆ ಕೂತ ಮಗನನ್ನು ಕೇಳಿದಳು. "ಒಂದು ಬೀಡಿಗೆ ಯಾರೂ ಸಾಯಂಗಿಲ್ಲ. ಬಾ ಹೊರಗ."

ದೊಡ್ಡಪ್ಪ ಬಂದ. ಯಾರ ಮುಖವನ್ನೂ ನೋಡದೆ ಬೀಡಿ ಹಚ್ಚಿದ. ಆದರೆ ಮೊದಲ ದಮ್ ಎಳೆದಾಗ ಅವನ ಕಣ್ಣು ತಾನಾಗಿ ಮುಚ್ಚಿದ್ದನ್ನು ನಾನು ನೋಡಿದೆ. ಊದುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಎಳೆದ. ತಂದ ಕಟ್ಟನ್ನು ವಾಪಸು ಒಯ್ದರೆ ನೋವೂ ಹಿಂದೆಯೇ ಬರುತ್ತದೆಂದು ನಮ್ಮ ಓಣಿಯ ನಂಬಿಕೆ. ಹಾಗಾಗಿ ಒಂದು ಬೀಡಿ ಕಳೆದು ಉಳಿದದ್ದೆಲ್ಲ ಜಗಲಿಯ ಮೇಲೇ ಉಳಿಯಿತು. ಅವ್ವ ಅದನ್ನು ಒಲೆಗೆ ಹಾಕಿದಳು. ಆಮೇಲೆ ಬಂದವರು ಕಟ್ಟನ್ನು ನೇರ ದೊಡ್ಡಪ್ಪನ ಕೈಗೇ ಕೊಟ್ಟರು.

ಮೀಸೆಗೆ ಮತ್ತೆ ಹಳದಿ ಹತ್ತಿತು. ಡಬ್ಬಿ ಮಂಚದ ಕೆಳಗೆ ಮರಳಿತು, ಈ ಸಲ ಅದರಲ್ಲಿ ರಕ್ತವೂ ಇತ್ತು. ಕೊನೆಕೊನೆಗೆ ಮಲಗಲಾಗದೆ, ಮಡಚಿದ ಹಾಸಿಗೆಗೆ ಒರಗಿ ಕೂತೇ ಇರುತ್ತಿದ್ದ. ಆಗಲೂ ಮಕ್ಕಳನ್ನು ತಂದರು! ಊದಲು ಉಸಿರೇ ಇಲ್ಲದವನ ಬಾಯಿಯ ಹತ್ತಿರ ಕೂಸಿನ ತಲೆ ಹಿಡಿದರು. ಅವನ ಸ್ಥಿತಿಗೆ ಲೊಚಗುಟ್ಟುತ್ತಲೇ ಬೀಡಿ ಹಚ್ಚಿ ಕೊಟ್ಟರು. ಅವರು ಕೆಟ್ಟವರಲ್ಲ ಎಂದು ನನಗೆ ಈಗ ಗೊತ್ತು. ಗೊತ್ತಿದ್ದರೂ ಹೇಸಿಗೆ ಕಡಿಮೆಯಾಗಿಲ್ಲ. ಯುಗಾದಿಗೆ ಮುಂಚೆ ದೊಡ್ಡಪ್ಪ ಹೋದ.

ಮಣ್ಣು ಮಾಡಿ ಬಂದು ವಾರವೂ ಕಳೆದಿರಲಿಲ್ಲ. ನೆಂಟರಿನ್ನೂ ಮನೆಯಲ್ಲೇ ಇದ್ದರು. ಕೆರೆಯ ಕಡೆಯ ಓಣಿಯಿಂದ ಒಬ್ಬಳು ಕೂಸು ಹೊತ್ತು ಬಂದಳು. ದೊಡ್ಡಪ್ಪ ಸತ್ತದ್ದು ಅವಳಿಗೆ ತಿಳಿದಿರಲಿಲ್ಲ. ತಿಳಿದಾಗ "ಅಯ್ಯೋ ಶಿವನೇ" ಎಂದು ಅತ್ತಳು. ಅತ್ತದ್ದು ಸತ್ತವನಿಗೋ ಕೂಸಿನ ಕಿವಿಗೋ ಹೇಳಲಾರೆ. ಅಜ್ಜಿ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ಕಂಬಕ್ಕೆ ಒರಗಿ ಕೂತಿದ್ದ ಅಪ್ಪ ಕಂಡ.

"ನೀನೇ ಒಂದು ಊದಪ್ಪ. ಅಣ್ಣನ ಕೈಗುಣ ತಮ್ಮಗೂ ಇರ್ತತಿ."

ಅಪ್ಪ ಇಲ್ಲ ಅನ್ನುತ್ತಾನೆ ಅಂದುಕೊಂಡೆ. ಅಣ್ಣನ ಚಟ್ಟಕ್ಕೆ ಹೆಗಲು ಕೊಟ್ಟು ಬಂದವನು ಅವನು. ಆದರೆ ಎದ್ದು ಬಂದು ಬೀಡಿ ತೆಗೆದುಕೊಂಡ. ಹಚ್ಚಿದ, ಕೆಮ್ಮಿದ, ಕಣ್ಣಲ್ಲಿ ನೀರು ತಂದುಕೊಂಡ. ಮತ್ತೆ ಎಳೆದು, ಬೀಡಿ ತಿರುಗಿಸಿ ಬಾಯಲ್ಲಿ ಹಿಡಿದು, ಆ ಪುಟ್ಟ ಕಿವಿಗೆ ಊದಿದ. ಅವ್ವ ನೆಂಟರೆದುರಿಗೇ ಗಟ್ಟಿಯಾಗಿ ಕೇಳಿದಳು.

"ಅತ್ತೆ, ಭಾವನ್ನ ಕಳ್ಕಂಡಿದ್ದು ಸಾಕಾಗ್ಲಿಲ್ವಾ? ಇವ್ರನ್ನೂ ಇದಕ್ಕೆ ಹಚ್ಬೇಕಾ?"

ಅಜ್ಜಿಗೆ ಸಿಟ್ಟೂ ಬರಲಿಲ್ಲ. ಕೂಸಿನ ತಾಯಿಯ ತೋಳಿನ ಕಡೆ ಕೈ ತೋರಿಸಿದಳು. ಅತ್ತು ಅತ್ತು ಸೋತಿದ್ದ ಮಗುವಿಗೆ ಬಾಯಿ ತೆರೆದ ಹಾಗೇ ಜೋಂಪು ಹತ್ತಿತ್ತು.

"ನೋಡು, ಕೂಸು ಮಲಕ್ಕಂತು."

ಜಗಲಿಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಇನ್ನೊಬ್ಬಳು ಕೂಸು ಹೊತ್ತು ನಿಂತಿದ್ದಳು. ತಮ್ಮಣ್ಣಾರು ಅದಾರೇನ್ರಿ ಎಂದು ಕೇಳಿದಳು; ಒಂದೇ ರಾತ್ರಿಯಲ್ಲಿ ಅಪ್ಪನಿಗೂ ಹೆಸರು ಬಂದಿತ್ತು.