ವಾರಂಟಿ ಮುಗಿದ ಮೇಲೆ ಸಾರ್ಪಾಂಗ್

ನಮ್ಮ ಕುಮಾಸಿಯಲ್ಲಿ ಹೊಸ ಕಾರು ಕೊಳ್ಳುವವರು ಮಂತ್ರಿಗಳು, ದೊಡ್ಡ ಚರ್ಚಿನ ಪಾದ್ರಿಗಳು ಮತ್ತು ಕ್ವಾಕು ಸಾರ್ಪಾಂಗ್. ಉಳಿದ ನಾವೆಲ್ಲ ಯೂರೋಪಿನಲ್ಲಿ ಯಾರೋ ಓಡಿಸಿ ಬಿಸಾಕಿದ್ದನ್ನು ಹಡಗಿನಲ್ಲಿ ತರಿಸಿ, ಅವರ ಮಕ್ಕಳು ಸೀಟಿಗೆ ಅಂಟಿಸಿದ ಚೂಯಿಂಗ್ ಗಮ್ ಕೆರೆದು, ಒಂದು ಪ್ರಾರ್ಥನೆ ಮಾಡಿಸಿ ಓಡಿಸುವವರು. ನನ್ನ ಕಾರಿಗೆ ಇಪ್ಪತ್ತೆರಡು ವರ್ಷ. ಅದರ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಎಲ್ಲಿಗೆ ಹೋದರೂ ನನ್ನನ್ನು ಇಳಿಸಿಕೊಳ್ಳಲು ಒಬ್ಬರು ಬೇಕು. ಹಾಗಾಗಿ ನನಗೆ ಪರಿಚಯಸ್ಥರು ಜಾಸ್ತಿ.

ಸಾರ್ಪಾಂಗ್ ಹದಿನೆಂಟು ವರ್ಷದಿಂದ ಬಂತಾಮಾದ ಔಷಧಿ ಅಂಗಡಿಯಲ್ಲಿದ್ದಾನೆ. ಬೆಳಿಗ್ಗೆ ಅವನ ಮೊದಲ ಕೆಲಸ ಬಾಟಲಿಗಳ ತಾರೀಖು ನೋಡಿ, ಅವಧಿ ಮುಗಿದವನ್ನು ಎತ್ತಿ ಹೊರಗಿಡುವುದು. ಇಂಥವನು ಸಂಬಳದ ಮೇಲೆ ಸಾಲ ಮಾಡಿ ಹೊಸ ಕಾರು ತಂದದ್ದು ಕಾರಿನ ಆಸೆಗಲ್ಲ, ಜೊತೆಗೆ ಬಂದ ಮೂರು ವರ್ಷದ ವಾರಂಟಿ ಕಾಗದದ ಆಸೆಗೆ. ಮೂರು ವರ್ಷ ಬಾನೆಟ್ಟಿನೊಳಗೆ ಏನಿದೆಯೆಂದು ನನಗೂ ತೋರಿಸಲಿಲ್ಲ.

"ಶೋರೂಮಿನವರನ್ನ ಬಿಟ್ಟು ಬೇರೆಯವರು ಮುಟ್ಟಿದ್ರೆ ವಾರಂಟಿ ಹೋಗುತ್ತೆ ಕಣೋ."

"ನೋಡಿದ್ರೂ ಹೋಗುತ್ತಾ?"

"ನಿನ್ನ ಕಣ್ಣಲ್ಲಿ ನೋಡಿದ್ರೆ ಹೋದ್ರೂ ಹೋಯ್ತು."

ವಾರಂಟಿ ಒಂದು ಮಂಗಳವಾರ ಮುಗಿಯಿತು. ಬುಧವಾರದಿಂದಲೇ ಅವನಿಗೆ ಸದ್ದುಗಳು ಕೇಳತೊಡಗಿದವು. ರೇಡಿಯೋ ಆರಿಸಿದ. ಕಾರಿನಲ್ಲಿ ಮಾತಾಡಬೇಡ ಎಂದು ಹೆಂಡತಿ ಅಫ್ರಿಯೆಗೆ ಹೇಳಿದ. ಅವಳು ಇಳಿದು ಷೇರ್ ಟ್ಯಾಕ್ಸಿ ಹತ್ತಿದಳು. ಒಂಬತ್ತನೇ ದಿನ ಸದ್ದು ನಿಜವಾಗಿಯೂ ಬಂತು. ಗೇರು ಹಾಕಿದೊಡನೆ ಅಡಿಯಿಂದ ಯಾರೋ ಒದ್ದ ಹಾಗೆ 'ದಡ್'.

ಶೋರೂಮಿನವರು ಗೇರ್‌ಬಾಕ್ಸೇ ಬದಲಿಸಬೇಕೆಂದರು. ಮೂವತ್ತೆಂಟು ಸಾವಿರ ಸೆಡಿ.

ಅಷ್ಟು ಹಣ ಅವನಲ್ಲಿತ್ತು. ಇಲ್ಲದಿದ್ದರೆ ಚಿಂತೆಯೇ ಇರುತ್ತಿರಲಿಲ್ಲ. ಅದು ಮನೆಯ ಛಾವಣಿಯ ದುಡ್ಡು. ಹನ್ನೊಂದು ವರ್ಷದಿಂದ ಕಟ್ಟುತ್ತಿರುವ ಮನೆಗೆ ಗೋಡೆಗಳೆದ್ದು, ನಡುಮನೆಯಲ್ಲಿ ಪಪ್ಪಾಯಿ ಗಿಡ ಬೆಳೆದು, ಅದೂ ಎರಡು ಸಲ ಫಲ ಕೊಟ್ಟಾಗಿತ್ತು. ಮಳೆಗಾಲಕ್ಕೆ ಇನ್ನು ಆರು ವಾರ.

"ಕಾರು ನಿಲ್ಲೋ ಜಾಗಕ್ಕೆ ತಗಡು ಹೊದಿಸಿದೀಯ," ಎಂದಳು ಅಫ್ರಿಯೆ, "ಹೆಂಡ್ತಿ ಮಲಗೋ ಜಾಗಕ್ಕೆ ಯಾವಾಗ? ಆ ದುಡ್ಡು ಮುಟ್ಟು ನೋಡೋಣ. ನಾನು ಅಮ್ಮನ ಮನೆಗೆ ಹೋಗ್ತೀನಿ, ನೀನು ಗೇರ್‌ಬಾಕ್ಸ್ ತಬ್ಕೊಂಡು ಮಲ್ಕೋ."

ಸುವಾಮೆ ಮ್ಯಾಗಜೀನಿಗೆ ಹೋಗೋಣ ಎಂದವನು ನಾನೇ. ಅದು ಕಾರು ರಿಪೇರಿಯ ಗ್ಯಾರೇಜುಗಳದೇ ಒಂದು ಪೇಟೆ, ಅಲ್ಲಿ ಸಾವಿರಾರು ಫಿಟ್ಟರುಗಳು. ನನ್ನವರು ಮಾಸ್ಟರ್ ಅದುಸೇಯಿ. ನನ್ನ ಕಾರು ಇನ್ನೂ ಕಾರೆನಿಸಿಕೊಂಡಿರುವುದು ಅವರಿಂದ. ಆದರೆ ಮ್ಯಾಗಜೀನಿನಲ್ಲಿ ಕಾರು ಬಿಟ್ಟು ಕದಲಬಾರದು, ಒಳ್ಳೆಯ ಸಾಮಾನು ಬಿಚ್ಚಿಕೊಂಡು ಹಳೆಯದು ಹಾಕುತ್ತಾರೆ ಎಂಬುದು ನಮ್ಮ ಊರಿನವರ ಗಟ್ಟಿ ನಂಬಿಕೆ. ಹಾಗಾಗಿ ಅಲ್ಲಿ ಪ್ರತಿ ಕಾರಿನ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಕಣ್ಣು ಮಿಟುಕಿಸದ ಒಬ್ಬ ಮಾಲೀಕ. ನನ್ನ ಕಾರನ್ನು ಮಾತ್ರ ಯಾರೂ ಕಾಯಬೇಕಿಲ್ಲ. ಅದರಲ್ಲಿ ಕದ್ದರೆ ಕದ್ದವನಿಗೇ ನಷ್ಟ.

ಮಾಸ್ಟರ್ ಕೆಮ್ಮುತ್ತಾ ಬಂದು ಬಾನೆಟ್ ಎತ್ತಿದರು. ಎತ್ತಿದವರು ಹಾಗೇ ನಿಂತರು.

"ಇದೇನು ಸ್ವಾಮಿ, ನಿಮ್ಮ ಕಾರಿಗೆ ಸಿಡುಬು ಎದ್ದಿದೆ?"

ಒಳಗೆ ಎಲ್ಲೆಲ್ಲೂ ಕೆಂಪು ಚುಕ್ಕೆ. ಸ್ಟೂಲನ್ನು ನಂಬದ ಸಾರ್ಪಾಂಗ್, ಹೆಂಡತಿಯ ಉಗುರು ಬಣ್ಣದಲ್ಲಿ ಒಂದೊಂದು ಭಾಗಕ್ಕೂ ಗುರುತು ಹಾಕಿ ತಂದಿದ್ದ. ಓಣಿಯ ಫಿಟ್ಟರುಗಳೆಲ್ಲ ಸೇರಿಬಿಟ್ಟರು.

"ಲಿಪ್‌ಸ್ಟಿಕ್ ಎಲ್ಲಿ ಹಚ್ಚಿದಾರೆ ನೋಡ್ರೋ!"

"ಮದುವೆಗೆ ಕರ್ಕೊಂಡು ಹೋಗ್ತಾ ಇರಬೇಕು!"

ಮಾಸ್ಟರ್ ನಗಲಿಲ್ಲ. "ಮೂವತ್ತು ವರ್ಷ ಆಯ್ತು ಈ ಜಾಗದಲ್ಲಿ. ಕಳ್ಳನ ಹತ್ರ ಯಾಕೆ ಬಂದ್ರಿ? ತಗೊಂಡು ಹೋಗಿ."

ಸಾರ್ಪಾಂಗ್ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅಲ್ಲಿ ಮಳೆಮೋಡವೊಂದಿತ್ತು, ಅವನೂ ನೋಡಿದ.

"ತಪ್ಪಾಯ್ತು ಮಾಸ್ಟರ್."

"ಒರೆಸಿ. ಪೂರ್ತಿ ಒರೆಸಿ. ಆಮೇಲೆ ಮಾತು."

ಬಟ್ಟೆಗೆ ಥಿನ್ನರ್ ಸುರಿದುಕೊಂಡು ಅವನು ಒರೆಸಿದ, ನಲವತ್ತೊಂದು ಚುಕ್ಕೆ. ಮರೆತ ಒಂದೆರಡನ್ನು ಓಣಿಯವರೇ ತೋರಿಸಿಕೊಟ್ಟರು.

ಆಮೇಲೆ ಮಾಸ್ಟರ್ ಅವನಿಂದ ನಾಲ್ಕು ಸಲ ಗೇರು ಹಾಕಿಸಿ, ಬಗ್ಗಿ ಕಿವಿಗೊಟ್ಟು, "ಗೇರ್‌ಬಾಕ್ಸ್ ಚೆನ್ನಾಗೇ ಇದೆ. ಎಂಜಿನ್ ಕೂರೋ ರಬ್ಬರ್ ಹರಿದಿದೆ," ಎಂದರು. ಎರಡು ಗಂಟೆಯ ಕೆಲಸ. ಆ ಎರಡು ಗಂಟೆ ಸಾರ್ಪಾಂಗ್ ಕೂತ, ಎದ್ದ, ತಂದ ಮೆಕ್ಕೆಜೋಳದ ಕೆಂಕೆ ಕಡುಬನ್ನು ಬಿಚ್ಚಿ ತಿನ್ನದೆ ಮತ್ತೆ ಕಟ್ಟಿದ. ಎಲ್ಲಾ ಸೇರಿ ಏಳುನೂರು ಸೆಡಿ. 'ದಡ್' ಹೋಗಿತ್ತು.

ಹೊರಡುವಾಗ ತಡೆಯಲಾರದೆ ಕೇಳಿಯೇ ಬಿಟ್ಟ: "ಇದಕ್ಕೆ ವಾರಂಟಿ ಇದೆಯಾ ಮಾಸ್ಟರ್?"

ಓಣಿಗೆ ಓಣಿಯೇ ನಕ್ಕಿತು.

"ಇದೆ. ಈ ರಬ್ಬರಿಗೊಂದೇ ಅಲ್ಲ, ಇಡೀ ಕಾರಿಗೆ. ಏನಾದ್ರೂ ತನ್ನಿ, ಅಸಲು ಖರ್ಚಲ್ಲಿ ಮಾಡಿಕೊಡ್ತೀನಿ."

"ಎಷ್ಟು ವರ್ಷ?"

"ನಾನಿರೋ ತನಕ," ಎಂದರು ಮಾಸ್ಟರ್. ಎಂದು ಉದ್ದಕ್ಕೆ ಕೆಮ್ಮಿದರು.

ಕಾರಿನಲ್ಲಿ ಸ್ವಲ್ಪ ದೂರ ಬಂದ ಮೇಲೆ ಸಾರ್ಪಾಂಗ್ ಮೆಲ್ಲಗೆ ಕೇಳಿದ: "ಆ ಕೆಮ್ಮು ಕೇಳಿದೆಯಾ?"

ಮನೆಗೆ ತಗಡು ಬಂತು. ಪಪ್ಪಾಯಿ ಗಿಡ ಕಡಿದರು, ಬಡಗಿ ಮೊಳೆ ಹೊಡೆಯತೊಡಗಿದ, ಅಫ್ರಿಯೆ ಹಾಡಿಕೊಳ್ಳುತ್ತಾ ಮರಗೆಣಸಿನ ಫುಫು ಕುಟ್ಟಿದಳು. ಅವನಿಗೊಬ್ಬನಿಗೆ ನೆಮ್ಮದಿಯಿಲ್ಲ. ತಗಡಿಗೆ ದುಡ್ಡೆಲ್ಲ ಸುರಿದಾಗಿದೆ. ಇನ್ನು ಕಾರಿಗೆ ಏನಾದರೂ ಆದರೆ ದಿಕ್ಕು ಮಾಸ್ಟರ್ ಒಬ್ಬರೇ. ವಾರಕ್ಕೆರಡು ಸಲ ಸುವಾಮೆಗೆ ಓಡುವುದು.

"ಕಾರಿಗೇನಾಯ್ತು ಸ್ವಾಮಿ?"

"ಕಾರು ಬಿಡಿ. ನೀವು ಹೇಗಿದೀರಿ? ಕಫ ಬರ್ತಿದೆಯಾ? ಬಣ್ಣ ಏನು?"

ಮೂರನೇ ವಾರ, ಬೇಡ ಬೇಡವೆಂದರೂ ಮಾಸ್ಟರನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಮಾಸ್ಟರನ್ನು ಇಳಿಸಿಕೊಳ್ಳಲು ಒಬ್ಬರು ಬೇಕೆಂದು ನನ್ನನ್ನೂ ಹಾಕಿಕೊಂಡ. ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದಾಗ ಮಾಸ್ಟರಿಗಿಂತ ಮೊದಲು ಎದ್ದು ನಿಂತವನು ಸಾರ್ಪಾಂಗ್.

"ಬಣ್ಣದ ಪುಡಿ, ಹೊಗೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಲಿ. ಗಾಬರಿಯಾಗೋದೇನಿಲ್ಲ," ಎಂದರು ಡಾಕ್ಟರು. ಆಮೇಲೆ ಸಾರ್ಪಾಂಗ್‌ನ ಮುಖ ನೋಡಿ, "ನಿಮ್ಮ ತಂದೆಯವರಾ?"

"ಇವರು ನನ್ನ ಗಿರಾಕಿ," ಎಂದರು ಮಾಸ್ಟರ್.

ಹಿಂದಿರುಗುವಾಗ ಸಾರ್ಪಾಂಗ್ ಆಮೆಯ ಹಾಗೆ ಓಡಿಸಿದ. ಸಣ್ಣ ಗುಂಡಿ ಕಂಡರೂ ನಿಲ್ಲಿಸಿ, ಸುತ್ತಿಬಳಸಿ, ಹಿಂದಿನವರ ಬೈಗುಳವನ್ನೆಲ್ಲ ಕೇಳಿಸಿಕೊಂಡು ಹೋಗುತ್ತಿದ್ದ.

"ರಬ್ಬರ್ ಹೊಸದು ಸ್ವಾಮಿ, ಗುಂಡಿಗೆ ಹೆದರಬೇಡಿ," ಎಂದರು ಮಾಸ್ಟರ್.

"ರಬ್ಬರಿಗೆ ಹೆದರ್ತಿಲ್ಲ ಮಾಸ್ಟರ್," ಎಂದ ಸಾರ್ಪಾಂಗ್. "ನೀವು ಗಟ್ಟಿಯಾಗಿ ಹಿಡ್ಕೊಳ್ಳಿ."